ಮಗುವಿನ ಹಾಸಿಗೆಗೆ ಯಾವ ಸೊಳ್ಳೆಪರದೆ? ಮೂರು ಬಗೆಯ ಔಷಧಿ ಲೇಪಿತ ಪರದೆಗಳ ಹೋಲಿಕೆ

ಪರದೆ ಆರಿಸುವವರು ಮೊದಲು ಮುಟ್ಟಿ ನೋಡುವುದು ಬಟ್ಟೆಯನ್ನೇ. ಪಾಲಿಯೆಸ್ಟರ್ ಮೆತ್ತಗಿರುತ್ತದೆ, ಆದರೆ ಮಂಚದ ಮೊಳೆಗೆ ಸಿಕ್ಕರೆ ಬೇಗ ಹರಿಯುತ್ತದೆ. ಕೊಳ್ಳುವುದಾದರೆ 75 ಡೆನಿಯರ್ (ನೂಲಿನ ದಪ್ಪದ ಅಳತೆ) ಬಿಟ್ಟು 100 ಡೆನಿಯರ್‌ನದು ನೋಡಿ. ಪಾಲಿಎಥಿಲೀನ್ ಒರಟು, ಗಟ್ಟಿ. ನೂಲಿನ ಮಾತು ಇಷ್ಟು ಸಾಕು. ಮಲೇರಿಯಾ ತಗ್ಗುವುದು ಬಿಡುವುದು ಹೆಚ್ಚಾಗಿ ಔಷಧಿಯ ಮೇಲೆ ನಿಂತಿದೆ.

ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಒಂದೇ ಇರುವ ಮೊದಲ ಬಗೆಯ ಪರದೆ, ಸೊಳ್ಳೆಗಳಿಗೆ ಅದರ ವಿಷ ಇನ್ನೂ ತಾಗುವ ಕಡೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಲ್ಲಿ ಸಣ್ಣಪುಟ್ಟ ತೂತುಗಳಿದ್ದರೂ ಒಳದಾರಿ ಹುಡುಕುವಷ್ಟರಲ್ಲಿ ಸೊಳ್ಳೆ ಬಿದ್ದಿರುತ್ತದೆ. ನಿರೋಧಕ ಶಕ್ತಿ ಬೆಳೆಸಿಕೊಂಡ ಅನಾಫಿಲಿಸ್ (ಮಲೇರಿಯಾ ಹರಡುವ ಸೊಳ್ಳೆ) ಹಾಗಲ್ಲ, ಪರದೆಯ ಮೇಲೆ ಓಡಾಡಿಕೊಂಡೇ ತೂತು ಹುಡುಕುತ್ತದೆ.

ಎರಡನೆಯದರಲ್ಲಿ ಪೈರೆಥ್ರಾಯ್ಡ್ ಜೊತೆಗೆ ಪಿಬಿಒ (ಪೈಪರೋನಿಲ್ ಬ್ಯುಟಾಕ್ಸೈಡ್) ಎಂಬ ಸಹಾಯಕ ರಾಸಾಯನಿಕ ಇರುತ್ತದೆ. ಪಿಬಿಒ ತಾನಾಗಿ ಕೊಲ್ಲುವುದಿಲ್ಲ. ವಿಷವನ್ನು ಅರಗಿಸಿಕೊಳ್ಳುವ ಸೊಳ್ಳೆಯ ಕಿಣ್ವಗಳನ್ನು ತಡೆಯುತ್ತದೆ. ತೊಂದರೆ ಏನೆಂದರೆ, ಒಗೆತಕ್ಕೆ, ಬಳಕೆಗೆ ಪಿಬಿಒ ಕರಗುತ್ತಾ ಹೋಗುತ್ತದೆ. ಕೆಲವು ಮಾದರಿಗಳಲ್ಲಿ ಅದು ಮೇಲ್ಛಾವಣಿಗೆ ಮಾತ್ರ ಇರುತ್ತದೆ, ಆದ್ದರಿಂದ ಚೀಟಿ ಓದದೆ ತೆಗೆದುಕೊಳ್ಳಬೇಡಿ.

ನಿರೋಧಕತೆ ಇರುವಲ್ಲಿ ನಮ್ಮ ಆಯ್ಕೆ ಮೂರನೆಯದು: ಪೈರೆಥ್ರಾಯ್ಡ್ ಆದ ಆಲ್ಫಾ-ಸೈಪರ್‌ಮೆಥ್ರಿನ್ ಜೊತೆ ಬೇರೆ ಗುಂಪಿನ ಕೀಟನಾಶಕವಾದ ಕ್ಲೋರ್‌ಫೆನಪೈರ್. ಟಾಂಜಾನಿಯಾದ ಮಿಸುಂಗ್ವಿಯಲ್ಲಿ ನಡೆದ ಪ್ರಯೋಗದಲ್ಲಿ, ಪೈರೆಥ್ರಾಯ್ಡ್ ಮಾತ್ರದ ಪರದೆಗೆ ಹೋಲಿಸಿದರೆ ಎರಡು ವರ್ಷಗಳಲ್ಲಿ ಮಕ್ಕಳ ಮಲೇರಿಯಾ ಪ್ರಕರಣಗಳು ಶೇ. 44ರಷ್ಟು ಕಡಿಮೆಯಿದ್ದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು.

ವಿಚಿತ್ರವೆಂದರೆ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಸೋತಂತೆ ಕಾಣುವುದೂ ಇದೇ ಪರದೆ. ಕೋನ್ ಪರೀಕ್ಷೆಯಲ್ಲಿ ಪರದೆಯ ಮೇಲೆ ಆಲಿಕೆಯಾಕಾರದ ಕೋನ್ ಕೂರಿಸಿ, ಒಂದೊಂದು ಕೋನ್‌ಗೆ ಐದು ಸೊಳ್ಳೆ ಬಿಟ್ಟು, 3 ನಿಮಿಷ ತಾಗಿಸಿ, 60 ನಿಮಿಷಕ್ಕೆ ಬಿದ್ದವನ್ನೂ 24 ಗಂಟೆಗೆ ಸತ್ತವನ್ನೂ ಎಣಿಸುತ್ತಾರೆ. ಪೈರೆಥ್ರಾಯ್ಡ್‌ಗೆ ಇದು ಸರಿ. ಕ್ಲೋರ್‌ಫೆನಪೈರ್ ಮಾತ್ರ ಸೊಳ್ಳೆಯ ಕಿಣ್ವಗಳಿಂದಲೇ ವಿಷವಾಗಿ ಮಾರ್ಪಡಬೇಕು. ಹಗಲಲ್ಲಿ ಸುಮ್ಮನೆ ಕೂತ ಸೊಳ್ಳೆಯಲ್ಲಿ ಆ ಕ್ರಿಯೆ ಮಂದ. ರಾತ್ರಿಯಿಡೀ ಹಾರಾಡಲು ಬಿಡುವ ಸುರಂಗ ಪರೀಕ್ಷೆ ಮಾಡಿ, 72 ಗಂಟೆಗೆ ಎಣಿಸಬೇಕು. ಅದೇ ಕಿಣ್ವಗಳನ್ನು ತಡೆಯುವ ಪಿಬಿಒ ಪರದೆಯನ್ನು ಇದರ ಜೊತೆ ಬೆರೆಸುವುದೂ ಜಾಣತನವಲ್ಲ.

ಯಾವುದೇ ಆದರೂ ಹೊಸತನ್ನು ಬಿಚ್ಚಿ ನೆರಳಲ್ಲಿ ಒಂದು ದಿನ ಗಾಳಿಗೆ ಹಾಕಿ, ಇಲ್ಲವಾದರೆ ಮುಖ ಉರಿಯಬಹುದು. ಮೃದು ಸೋಪು, ತಣ್ಣೀರು ಸಾಕು. ಬ್ಲೀಚ್ ಬೇಡ, ಬಿಸಿಲೂ ಬೇಡ. 20 ಒಗೆತ ತಾಳುವಂತೆ ತಯಾರಾದ ಪರದೆಯನ್ನು ವಾರವಾರ ಒಗೆದರೆ ಐದು ತಿಂಗಳಲ್ಲೇ ಆ ಲೆಕ್ಕ ಮುಗಿಯುತ್ತದೆ. ಒಗೆದ ನೀರು ಕೆರೆಗೆ ಸೇರಬಾರದು, ಪೈರೆಥ್ರಾಯ್ಡ್ ಮೀನಿಗೆ ವಿಷ.

ತೂತುಗಳಿಗೂ ಒಂದು ಲೆಕ್ಕವಿದೆ. ಹೆಬ್ಬೆರಳು ತೂರುವ ತೂತಿಗೆ 1 ಅಂಕ, ಮುಷ್ಟಿ ತೂರುವುದಕ್ಕೆ 23, ತಲೆ ತೂರುವುದಕ್ಕೆ 196, ಅದಕ್ಕೂ ದೊಡ್ಡದಕ್ಕೆ 576. ಮೊತ್ತ 642 ದಾಟಿದರೆ ಹೊಲಿಗೆ ಹಾಕುತ್ತ ಕೂರಬೇಡಿ, ಪರದೆ ಬದಲಿಸಿ.