ಘಾಟಿ ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು: ಟರ್ಬೊ ಕೂರಿಸಿದ ಕಾರಿಗೆ ಯಾವ ಬ್ರೀದರ್?

ಶಿರಾಡಿ ಘಾಟಿ ಇಳಿದು, ಗುಂಡ್ಯದಲ್ಲಿ ಟೀ ಕುಡಿದು, ವಾಪಸ್ ಸಕಲೇಶಪುರದ ಕಡೆ ಹತ್ತುತ್ತಿದ್ದೆ. ಸುಟ್ಟ ಆಯಿಲ್ ವಾಸನೆ ಬಂತು. ಬಾನೆಟ್ ಎತ್ತಿದರೆ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಅರ್ಧ ಹೊರಗೆ ಬಂದಿದೆ, ಎಂಜಿನ್ ತುಂಬ ಆಯಿಲ್ ಸಿಡಿದಿದೆ.

ಅದು 1.3 ಲೀಟರಿನ ಹಳೆಯ ಪೆಟ್ರೋಲ್ ಎಂಜಿನ್. ಆರು ತಿಂಗಳ ಹಿಂದೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿದ್ದೆ, ಆ ಒತ್ತಡ, ಅಂದರೆ ಬೂಸ್ಟ್, 7 ಪಿಎಸ್‌ಐ. ಎಂಜಿನ್ ಒಳಗಿನ ಗ್ಯಾಸ್ ಆಚೆ ಬರುವ ಬ್ರೀದರ್ ಪೈಪುಗಳು ಮಾತ್ರ ಟರ್ಬೊ ಇಲ್ಲದ ಕಾಲದವೇ. ಗ್ಯಾರೇಜಿನಲ್ಲಿ ತೋರಿಸಿದಾಗ, "ರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸ್ಬೇಕು" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬೇರೆ ಕಡೆ, ಸಿಲಿಂಡರ್ ಒತ್ತಡ ಹಿಡಿಯುತ್ತದೆಯೇ ಎಂದು ನೋಡುವ ಕಂಪ್ರೆಶನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ ಎರಡೂ ಮಾಡಿಸಿದೆ. ನಾಲ್ಕೂ ಸಿಲಿಂಡರ್ ಚೆನ್ನಾಗಿದ್ದವು. ಈ ಎರಡು ಟೆಸ್ಟ್ ಆಗುವ ತನಕ ದಯವಿಟ್ಟು ಯಾರೂ ಎಂಜಿನ್ ಬಿಚ್ಚಿಸಬೇಡಿ.

ಪಿಸ್ಟನ್ ಸುತ್ತ ಇರುವ ರಿಂಗ್ ಎಷ್ಟೇ ಹೊಸದಿದ್ದರೂ ಸ್ವಲ್ಪ ಗ್ಯಾಸ್ ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುತ್ತದೆ. ಅದೇ ಬ್ಲೋ-ಬೈ. ಹಿಂದೆ ಅದನ್ನು ಒಂದು ಪೈಪಿನಲ್ಲಿ ರಸ್ತೆಗೆ ಬಿಡುತ್ತಿದ್ದರು. 1961ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಎಂಜಿನ್ನೇ ಎಳೆದುಕೊಂಡು ಸುಡಬೇಕು ಎಂದು ಕಡ್ಡಾಯ ಮಾಡಿತು. ಅಲ್ಲಿಂದ, ಆ ಗ್ಯಾಸನ್ನು ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪಿಗೆ, ಬಿಡುವ ಪಿಸಿವಿ ವಾಲ್ವ್ ಎಲ್ಲ ಕಡೆ ಹರಡಿತು. ಸಾದಾ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಎಳೆಯುತ್ತದೆ, ತಳ್ಳುವುದಿಲ್ಲ. ಟರ್ಬೊ ಬಂದ ಮೇಲೆ ಬೂಸ್ಟಿನಲ್ಲಿ ಅದೇ ಮ್ಯಾನಿಫೋಲ್ಡ್ ತಳ್ಳುತ್ತದೆ. ಆಗ ಪಿಸಿವಿ ವಾಲ್ವ್ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ನನ್ನದನ್ನು ಬಿಚ್ಚಿ ಮ್ಯಾನಿಫೋಲ್ಡ್ ಕಡೆಯಿಂದ ಊದಿದೆ. ಗಾಳಿ ಸಲೀಸಾಗಿ ಆಚೆ ಹೋಯಿತು. ಅಂದರೆ ಟರ್ಬೊ ಒತ್ತಡ ನೇರ ಪಿಸ್ಟನ್ ಕೆಳಗಿನ ಭಾಗವಾದ ಕ್ರ್ಯಾಂಕ್‌ಕೇಸಿಗೆ ಹೋಗುತ್ತಿತ್ತು.

ಅಳೆಯಲು ಗಾರೆಯವರು ಬಳಸುವ ಲೆವೆಲ್ ಪೈಪ್ ಸಾಕು. ಒಂದು ತುದಿಯನ್ನು ಡಿಪ್‌ಸ್ಟಿಕ್ ತೂತಿಗೆ ಬಿಗಿದು, ಇನ್ನೊಂದನ್ನು ಕಾರಿನೊಳಗೆ ತಂದು, ನಡುವೆ ಇಂಗ್ಲಿಷಿನ ಯು ಆಕಾರದಲ್ಲಿ ಬಗ್ಗಿಸಿ ಬಣ್ಣದ ನೀರು ಹಾಕಿದೆ. ಎರಡು ಕಡೆಯ ನೀರಿಗೆ 10 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸುಮಾರು 10 ಮಿಲಿಬಾರ್. ಎಂಜಿನ್ ಕಡೆಯ ಪೈಪ್ ನೀರಿನ ಮಟ್ಟಕ್ಕಿಂತ ಬಹಳ ಎತ್ತರಕ್ಕೆ ಹೋಗಿರಬೇಕು, ಇಲ್ಲವಾದರೆ ಇಳಿಜಾರಿನಲ್ಲಿ ಎಂಜಿನ್ ಆ ನೀರನ್ನು ಎಳೆದುಕೊಂಡುಬಿಡುತ್ತದೆ. ಪಕ್ಕದಲ್ಲಿ ತಮ್ಮ ಕೂತು ಓದಿ ಹೇಳುತ್ತಿದ್ದ. ಹಳೆಯ ಪೈಪುಗಳಲ್ಲಿ ಹತ್ತುವಾಗ ನೀರು ಪೈಪಿನಿಂದಲೇ ಆಚೆ ಚೆಲ್ಲಿತು.

ಮೊದಲು ಹಾಕಿದ್ದು ಟ್ಯಾಪೆಟ್ ಕವರ್, ಅಂದರೆ ಎಂಜಿನ್ ತಲೆಯ ಮುಚ್ಚಳದ ಮೇಲೆ ಕೂರುವ ಸಣ್ಣ ಬ್ರೀದರ್ ಫಿಲ್ಟರ್. ಪಿಸಿವಿ ದಾರಿ ಮುಚ್ಚಿದೆ. ಹತ್ತುವಾಗ 4 ಸೆಂಟಿಮೀಟರ್, ಪರವಾಗಿಲ್ಲ. ಆದರೆ ಎರಡೇ ದಿನಕ್ಕೆ ಫಿಲ್ಟರ್ ಆಯಿಲ್ ಕುಡಿದು ತೊಟ್ಟಿಕ್ಕತೊಡಗಿತು. ಸಿಗ್ನಲ್‌ನಲ್ಲಿ ನಿಂತರೆ ವಾಸನೆ ಎಲ್ಲ ಕಾರಿನೊಳಗೆ. ಅಮ್ಮನಿಗೆ ತಲೆನೋವು ಬಂತು. ಇದನ್ನು ಯಾರಿಗೂ ಹೇಳಲಾರೆ.

ಆಮೇಲೆ ಕ್ಯಾಚ್ ಕ್ಯಾನ್, ಅಂದರೆ ಗ್ಯಾಸಿನಲ್ಲಿರುವ ಆಯಿಲ್ ಹಿಡಿದಿಡುವ ಡಬ್ಬಿ. ಗ್ಯಾಸ್ ಹೊರಗೆ ಬಿಡುವ, ಮೇಲೆ ಫಿಲ್ಟರ್ ಇರುವಂಥದ್ದು. ಹೋಸ್ ಒಳ ಅಳತೆಯನ್ನು 8 ಮಿಲಿಮೀಟರಿನಿಂದ 16ಕ್ಕೆ ಏರಿಸಿದೆ. ಅಳತೆ ದುಪ್ಪಟ್ಟಾದರೆ ದಾರಿ ನಾಲ್ಕು ಪಟ್ಟು ಅಗಲ ಆಗುತ್ತದೆ, ಅಲ್ವಾ? ಹತ್ತುವಾಗ ಇದರಷ್ಟು ಸುಲಭವಾಗಿ ಯಾವುದೂ ಉಸಿರಾಡಲಿಲ್ಲ, ನೀರು 1 ಸೆಂಟಿಮೀಟರ್ ಏರಿತು ಅಷ್ಟೇ. ಟ್ರ್ಯಾಕಿಗೆ ಮಾತ್ರ ಓಡಿಸುವ ಕಾರಾದರೆ ನಾನೂ ಇದನ್ನೇ ಇಡುತ್ತೇನೆ. ಆದರೆ ಎಳೆಯುವವರೇ ಇಲ್ಲದ ಕಾರಣ ತೇವ ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ, ದಿನಾ ಹಾಸನದ ಒಳಗೇ ನಾಲ್ಕು ಕಿಲೋಮೀಟರ್ ಓಡಿಸಿದ ಎರಡು ವಾರಕ್ಕೆ, ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಕಡೆದ ಹಾಗೆ ಕಂದು ನೊರೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲಿಗೆ ಸೇರಿತೇನೋ ಎಂದು ಹೆದರಿದ್ದೆ. ಕೂಲೆಂಟ್ ಒಂದು ಚೂರೂ ಕಡಿಮೆಯಾಗಿರಲಿಲ್ಲ, ಬರೀ ತೇವ ಅಷ್ಟೇ. ಜೊತೆಗೆ, ನಮ್ಮ ಭಾರತ್ ಸ್ಟೇಜ್ ನಿಯಮಗಳ ಪ್ರಕಾರ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಗ್ಯಾಸ್ ಹೊರಗೆ ಬಿಡುವಂತಿಲ್ಲ.

ಕೊನೆಗೆ ಸೀಲ್ಡ್ ಕ್ಯಾನ್, ಗ್ಯಾಸ್ ಹೊರಗೆ ಬಿಡದೆ ಎಂಜಿನ್ನಿಗೇ ವಾಪಸ್ ಕಳಿಸುವಂಥದ್ದು. ಟ್ಯಾಪೆಟ್ ಕವರಿನಿಂದ ಕ್ಯಾನಿಗೆ, ಅಲ್ಲಿಂದ ಎರಡು ದಾರಿ. ಒಂದು ಟರ್ಬೊಗೆ ಮುಂಚಿನ ಏರ್ ಪೈಪಿಗೆ. ಇನ್ನೊಂದು ಹೊಸ ಪಿಸಿವಿ ವಾಲ್ವ್ ಮತ್ತು ಒಂದೇ ದಿಕ್ಕಿಗೆ ಗಾಳಿ ಬಿಡುವ ಒಂದು ಎನ್‌ಆರ್‌ವಿ ದಾಟಿ ಮ್ಯಾನಿಫೋಲ್ಡಿಗೆ. ಬೂಸ್ಟಿನಲ್ಲಿ ಮೊದಲನೆಯದು, ಇಳಿಜಾರಿನಲ್ಲಿ ಮತ್ತು ಐಡ್ಲಿಂಗಿನಲ್ಲಿ ಎರಡನೆಯದು ಕೆಲಸ ಮಾಡುತ್ತದೆ. ಮೊದಲ ಸಲ ಇದು ಸೋತಿತು. ಕ್ಯಾನ್ ಜೊತೆ ಬಂದ 9 ಮಿಲಿಮೀಟರ್ ಹೋಸನ್ನೇ ಹಾಕಿದ್ದೆ, ಹತ್ತುವಾಗ 12 ಸೆಂಟಿಮೀಟರ್ ತೋರಿಸಿತು. ಕ್ಯಾನ್ ಒಳಗೆ ತಡೆಗೋಡೆಯೂ ಇರಲಿಲ್ಲ, ಬರೀ ಖಾಲಿ ಡಬ್ಬಿ. ಆಯಿಲ್ ಹಬೆ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತಿತ್ತು, ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಪೈಪೆಲ್ಲ ಜಿಡ್ಡು. ಟರ್ಬೊ ಕಾರಿನಲ್ಲಿ ಇದು ಸಣ್ಣ ವಿಷಯವಲ್ಲ, ಆಯಿಲ್ ಹಬೆ ಸೇರಿದ ಗಾಳಿಯಲ್ಲಿ ನಾಕಿಂಗ್, ಅಂದರೆ ಇಂಧನ ಹೊತ್ತಲ್ಲದ ಹೊತ್ತಿಗೆ ತಾನೇ ಸಿಡಿಯುವುದು, ಬೇಗ ಶುರುವಾಗುತ್ತದೆ.

ತಡೆಗೋಡೆ ಇರುವ ಕ್ಯಾನ್ ತಂದೆ. ಎಕ್ಸಾಸ್ಟಿನಿಂದ ದೂರ, ಹೆಡ್‌ಲೈಟ್ ಹಿಂದೆ, ಗಾಳಿ ಬಡಿಯುವ ಜಾಗದಲ್ಲಿ ಕೂರಿಸಿದೆ. ತಣ್ಣಗಿದ್ದರೆ ತಾನೇ ಹಬೆ ಆಯಿಲ್ ಆಗುವುದು! ಆಯಿಲ್ ತಡೆಯುವ 16 ಮಿಲಿಮೀಟರ್ ನೈಟ್ರೈಲ್ ಹೋಸ್ ಹಾಕಿದೆ. ಮಾಮೂಲಿ ನೀರಿನ ಹೋಸ್ ಆಯಿಲಿಗೆ ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗುತ್ತದೆ. ಈ ಸಲ ಹತ್ತುವಾಗ 2 ಸೆಂಟಿಮೀಟರ್. ಐಡ್ಲಿಂಗಿನಲ್ಲಿ ನೀರು ಎಂಜಿನ್ ಕಡೆಗೇ ಸರಿಯಿತು. ವಾಸನೆ ಇಲ್ಲ, ನೊರೆ ಇಲ್ಲ.

ಒಂದು ತೊಂದರೆ ಉಳಿದಿತ್ತು. ಉದ್ದದ ಇಳಿಜಾರಿನ ನಂತರ ಆಕ್ಸಿಲರೇಟರ್ ಒತ್ತಿದರೆ ಒಂದು ಮುಷ್ಟಿ ನೀಲಿ ಹೊಗೆ. ಇಲ್ಲಿ ಅನುಮಾನ ಎರಡರ ಮೇಲೆ: ಪಿಸಿವಿ ದಾರಿಯಿಂದ ಆಯಿಲ್ ಬರುತ್ತಿರಬೇಕು, ಇಲ್ಲವೇ ಎಂಜಿನ್ ವಾಲ್ವುಗಳ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಸವೆದಿರಬೇಕು. ಮ್ಯಾನಿಫೋಲ್ಡಿಗೆ ಹೋಗುವ ಹೋಸನ್ನು ಕ್ಲ್ಯಾಂಪ್ ಹಾಕಿ ಮುಚ್ಚಿ, ಅದೇ ಘಾಟಿ ಮತ್ತೆ ಇಳಿದೆ. ಹೊಗೆ ಹಾಗೇ ಬಂತು. ವಾಲ್ವ್ ಸೀಲ್ ಬದಲಿಸಿದ ಮೇಲೆ ನಿಂತಿತು.

ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಕ್ಯಾನ್ ಖಾಲಿ ಮಾಡುತ್ತೇನೆ. ಮರೆತರೆ ತುಂಬಿದ್ದೆಲ್ಲ ಟರ್ಬೊ ಪಾಲು. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಮೊದಲು ಸೋರುತ್ತಿತ್ತು. ಅದನ್ನು ಬದಲಿಸಲೆಂದು ತಂದ ಹೊಸ ಸೀಲ್ ಇನ್ನೂ ಡಿಕ್ಕಿಯಲ್ಲಿ, ಅಂಗಡಿಯ ಕವರಿನಲ್ಲೇ ಇದೆ. ಒಳಗಿನ ಒತ್ತಡ ಇಳಿದ ಮೇಲೆ ಆ ಜಾಗ ಒಣಗಿಯೇ ಇದೆ.