ಟೋಕನ್‌ಗೆ 6 ನಿಮಿಷ, ಮಾತ್ರೆ ಕೈಗೆ ಬರೋಕೆ ನಾಲ್ಕೂವರೆ ಗಂಟೆ

ಅಮ್ಮನ ಶುಗರ್, ಬಿಪಿ ತಪಾಸಣೆಗೆ ಐದಾರು ವರ್ಷದಿಂದ ಇದೇ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಹೆಸರು ಬೇಡ ಬಿಡಿ, ಡಾಕ್ಟರು ಒಳ್ಳೆಯವರು, ಅವರಿಗೆ ಯಾಕೆ ತಲೆನೋವು. ಮೊದಲು ಬೆಳಗ್ಗೆ ಏಳಕ್ಕೇ ಹೋಗಿ ಚೀಟಿ ಸಾಲಿನಲ್ಲಿ ಚಪ್ಪಲಿ ಇಟ್ಟು ಜಾಗ ಹಿಡಿಯಬೇಕಿತ್ತು. ಈಗ ಗೋಡೆ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಫೋನಿನಲ್ಲಿ ಆಭಾ ನಂಬರ್ ಇದ್ದರೆ (14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ, ಒಮ್ಮೆ ಮಾಡಿಸಿದರೆ ಸಾಕು) ಸ್ಕ್ಯಾನ್ ಮಾಡಿದ ಕೂಡಲೇ ಹೆಸರು, ವಯಸ್ಸು ಎಲ್ಲಾ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. 2021ರ ಡಿಜಿಟಲ್ ಆರೋಗ್ಯ ಮಿಷನ್‌ನಿಂದ ನಮ್ಮ ಕೈಗೆ ಸಿಕ್ಕಿದ್ದು ಇದು. ನಿಜಕ್ಕೂ ಚೆನ್ನಾಗಿದೆ.

ಆದರೆ ಈ ಸಲ ಸುಮ್ನೆ ಗಡಿಯಾರ ನೋಡಿ ಬರೆದುಕೊಂಡೆ. ಟೋಕನ್‌ಗೆ 6 ನಿಮಿಷ. ಡಾಕ್ಟರ ಬಾಗಿಲ ಮುಂದೆ 110. ಡಾಕ್ಟರ ಎದುರು ಕೂತಿದ್ದು 3. ರಕ್ತ ಕೊಡೋಕೆ 40. ರಿಪೋರ್ಟ್ ಬಂದು, ಅದನ್ನು ಮತ್ತೆ ಅದೇ ಬಾಗಿಲಲ್ಲಿ ನೂಕಾಡಿಕೊಂಡು ತೋರಿಸುವಷ್ಟರಲ್ಲಿ 80. ಔಷಧಿ ಕಿಟಕಿಯಲ್ಲಿ 35, ಅದೂ ಬರೆದ ಮೂರು ಮಾತ್ರೆಯಲ್ಲಿ ಸಿಕ್ಕಿದ್ದು ಎರಡು. ಸಾಲು ಹೋಗಿಲ್ಲ, ಹೊರಗಿನಿಂದ ಒಳಗೆ ಬಂದು ಕೂತಿದೆ ಅಷ್ಟೆ. ಟೋಕನ್ ಎಷ್ಟು ಬೇಗ ಸಿಕ್ಕಿತು ಅಂತ ಅಳೆದರೆ ಸುಧಾರಣೆ ಭರ್ಜರಿ. ಗೇಟಿನಿಂದ ಗೇಟಿಗೆ ಅಳೆದರೆ?

ಒಳರೋಗಿಗಳ ಲೆಕ್ಕವೂ ಹೀಗೇ. ಎಷ್ಟು ಹಾಸಿಗೆ ತುಂಬಿವೆ, ಒಬ್ಬರು ಸರಾಸರಿ ಎಷ್ಟು ದಿನ ಮಲಗಿದ್ದರು ಅಂತ ನೋಡುತ್ತಾರೆ. ದಿನ ಕಡಿಮೆಯಾದರೆ ಕೆಲಸ ಚುರುಕು ಅಂತ ಅರ್ಥವಂತೆ. ಹೋದ ವರ್ಷ ನಮ್ಮ ಚಿಕ್ಕಪ್ಪನನ್ನು ಇಲ್ಲೇ ಸೇರಿಸಿ, ಎರಡನೇ ದಿನಕ್ಕೇ ಪತ್ರ ಬರೆದು ಖಾಸಗಿ ಆಸ್ಪತ್ರೆಗೆ ಸಾಗಹಾಕಿದರು. ಕಾಗದದಲ್ಲಿ ಅವರು ಎರಡೇ ದಿನದ ರೋಗಿ! 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಚಿಕಿತ್ಸಾ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ತುರ್ತು ಇಲ್ಲದಿದ್ದರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಿಯಮ ಸರಿಯೇ ಇದೆ, ಇಲ್ಲಿ ಆಗುವುದು ಇಲ್ಲೇ ಆಗಲಿ ಅಂತ ತಾನೇ ಮಾಡಿದ್ದು. ಹಾಗಾಗಿ ಹಾಸಿಗೆ ಲೆಕ್ಕದ ಪಕ್ಕದಲ್ಲೇ ಎಷ್ಟು ಜನರನ್ನು ಹೊರಗೆ ಕಳಿಸಿದರು, ಅವರಿಗೆ ಆಮೇಲೆ ಏನಾಯಿತು ಅಂತಲೂ ಬರೆಯಬೇಕು ಅಲ್ವಾ?

ದುಡ್ಡು ಕೇಳಿದವರು ಯಾರೂ ಇಲ್ಲ, ಶೌಚಾಲಯ ಮೊದಲಿಗಿಂತ ಎಷ್ಟೋ ವಾಸಿ. 5ಕ್ಕೆ 3 ಕೊಡುತ್ತೇನೆ. ಹೋಗುವವರು ಸೋಮವಾರ ಬಿಟ್ಟು ಹೋಗಿ, ಅವತ್ತು ಜನ ಜಾಸ್ತಿ. ಫೋನ್ ಪೂರ್ತಿ ಚಾರ್ಜ್ ಇರಲಿ, ಜೊತೆಗೆ ತಿಂಡಿ ಡಬ್ಬಿಯೂ ಇರಲಿ, ಶುಗರ್ ಇರುವವರನ್ನು ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ.