ಐದು ವರ್ಷ ಎಕ್ಸ್‌ಟ್ರ್ಯಾಕ್‌ಕ್ಯಾಡ್ ಬಳಸಿದ ಮೇಲೆ: ಎಂಟಡಿ ಹಲಗೆಯ ಮೇಲೊಂದು ಎಡಕುಮೇರಿ

2020ರ ಲಾಕ್‌ಡೌನಿನಲ್ಲಿ ಇಳಿಸಿಕೊಂಡ ಎಕ್ಸ್‌ಟ್ರ್ಯಾಕ್‌ಕ್ಯಾಡ್ ಇವತ್ತಿಗೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಮನೆಯಲ್ಲಿ ಪುಟ್ಟ ರೈಲು ಓಡಿಸುವವರು ಹಳಿ ಕೊಳ್ಳುವ ಮೊದಲು ಟ್ರ್ಯಾಕ್ ಪ್ಲಾನ್ ಬರೆದುಕೊಳ್ಳಲು ಇರುವ ಉಚಿತ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಡೇವ್ ಬುಲಿಸ್ ಎಂಬುವರು ಸಿಲ್ಲಬ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಶುರುಮಾಡಿದ್ದು, ಆಮೇಲೆ ಮುಕ್ತ ತಂತ್ರಾಂಶವಾಯಿತು. ಬುಲಿಸ್ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಸಿಲ್ಲಬ್. ಈ ಐದು ವರ್ಷದಲ್ಲಿ ನಾನು ಬರೆದು ಬಿಟ್ಟ ಪ್ಲಾನುಗಳು ಮೂವತ್ತರ ಮೇಲಿವೆ. ಮರ, ಹಳಿ, ಕರೆಂಟು ಕಂಡಿದ್ದು ಒಂದೇ.

ನನ್ನ ಊರು ಹಾಸನ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಹಳಿ ನಮಗೆಲ್ಲ ಮನೆಯ ಮಾತು. ಮೀಟರ್ ಗೇಜ್ ಗಾಡಿ 1996ರಲ್ಲಿ ನಿಂತಿತು. ಬ್ರಾಡ್ ಗೇಜ್ ಆಗಿ ಗೂಡ್ಸ್ ಶುರುವಾಗಿದ್ದು 2006ರಲ್ಲಿ, ಪ್ಯಾಸೆಂಜರ್ ಬಂದಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಆ ವರ್ಷಗಳಲ್ಲಿ ದೋಣಿಗಲ್‌ನಿಂದ ಎಡಕುಮೇರಿ ನಿಲ್ದಾಣಕ್ಕೆ ಹಳಿಯ ಮೇಲೇ ನಡೆದು ಹೋದ ಹುಡುಗರಲ್ಲಿ ನಾನೂ ಒಬ್ಬ. ಸುರಂಗದೊಳಗೆ ಟಾರ್ಚ್ ಆರಿಸಿ ನಿಂತರೆ ನೀರು ತೊಟ್ಟಿಕ್ಕುವ ಸದ್ದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಮಹಡಿ ಮೇಲಿನ ಕೋಣೆಯಲ್ಲಿ ಆ ಘಾಟಿಯನ್ನು ಕಟ್ಟಬೇಕು ಅನ್ನುವ ಆಸೆ ಅಲ್ಲಿಂದ ಬಂದದ್ದು.

ಆಸೆಗೆ ಮೊದಲು ಎದುರಾದದ್ದು ಲೆಕ್ಕ. ನಾನು ಆರಿಸಿಕೊಂಡದ್ದು ಎನ್ ಸ್ಕೇಲ್, ಅಂದರೆ 1:160, ಹಳಿಯ ಅಗಲ 9 ಮಿ.ಮೀ. ಘಾಟಿ 55 ಕಿ.ಮೀ. ಅದನ್ನು 160ರಿಂದ ಭಾಗಿಸಿದರೂ ಸುಮಾರು 344 ಮೀಟರ್ ಉಳಿಯುತ್ತದೆ. 57 ಸುರಂಗಗಳ ಮಾತು ದೂರವೇ ಉಳಿಯಿತು. ನಮ್ಮ ರೈಲ್ವೆಯಲ್ಲಿ ತಿರುವಿನ ಡಿಗ್ರಿಯಿಂದ 1750 ಅನ್ನು ಭಾಗಿಸಿದರೆ ಮೀಟರಿನಲ್ಲಿ ತ್ರಿಜ್ಯ ಸಿಗುತ್ತದೆ. 8 ಡಿಗ್ರಿಯ ಕಡಿದಾದ ತಿರುವು ಕೂಡ ಸುಮಾರು 219 ಮೀಟರ್, ಎನ್ ಸ್ಕೇಲಿನಲ್ಲಿ 137 ಸೆಂ.ಮೀ. ನನ್ನ ಹಲಗೆಗೆ ಹಿಡಿಸುವುದು 31.5 ಮತ್ತು 34.8 ಸೆಂ.ಮೀ ತ್ರಿಜ್ಯ ಮಾತ್ರ. ಹಾಗಾಗಿ ಇಡೀ ಘಾಟಿ ಬಿಟ್ಟು ಒಂದೇ ನಿಲ್ದಾಣ, ಒಂದು ಏರು, ಒಂದು ಸೇತುವೆ, ಎರಡು ಸುರಂಗ ಎಂದು ನಿಶ್ಚಯಿಸಿದೆ.

ತಂತ್ರಾಂಶ ಮೊದಲ ವಾರ ಕಷ್ಟ ಕೊಡುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ತೆರೆದ ಕೂಡಲೇ ನಿಮ್ಮ ಕಂಪನಿಯ ಹಳಿ ಕಾಣಿಸುವುದಿಲ್ಲ. ಫೈಲ್ ಮೆನುವಿನಲ್ಲಿ ಪ್ಯಾರಾಮೀಟರ್ ಫೈಲುಗಳನ್ನು, ಅಂದರೆ ಆಯಾ ಕಂಪನಿಯ ಹಳಿಗಳ ಪಟ್ಟಿಗಳನ್ನು, ನಾವೇ ಸೇರಿಸಿಕೊಳ್ಳಬೇಕು. ನಾನು ಜಪಾನಿನ ಕ್ಯಾಟೋ ಕಂಪನಿಯ ಯುನಿಟ್ರ್ಯಾಕ್ ಹಳಿಗಳ ಪಟ್ಟಿ ಸೇರಿಸಿಕೊಂಡ ಮೇಲೆ 248, 186, 124 ಮಿ.ಮೀ ನೇರ ಹಳಿಗಳು, ತಿರುವುಗಳು, ಪಾಯಿಂಟುಗಳು (ಹಳಿ ಕವಲೊಡೆಯುವ ತುಂಡುಗಳು) ಒಂದು ಸಾಲಿನಲ್ಲಿ ಬಂದು ಕೂತವು. ಇಂಥವೇ ತಂತ್ರಾಂಶಗಳಾದ ಸ್ಕಾರ್ಮ್, ಎನಿರೇಲ್ ಎರಡನ್ನೂ ಒಂದಿಷ್ಟು ದಿನ ನೋಡಿದ್ದೇನೆ, ಕಲಿಯಲು ಅವು ಸುಲಭ. ಆದರೆ ದುಡ್ಡು ಕೊಡದೆ ಬಳಸಿದರೆ ಎನಿರೇಲ್‌ನಲ್ಲಿ 50 ತುಂಡು, ಸ್ಕಾರ್ಮ್‌ನಲ್ಲಿ 100 ತುಂಡು ಹಳಿಯ ಮಿತಿ. ನಿಲ್ದಾಣವೊಂದನ್ನು ಬರೆಯುವಷ್ಟರಲ್ಲಿ ಐವತ್ತು ಮುಗಿದಿರುತ್ತದೆ.

ಮೊದಲ ಪ್ಲಾನು ಎಂಟಡಿಗೆ ನಾಲ್ಕಡಿಯ ಇಡೀ ಪ್ಲೈವುಡ್ ಹಾಳೆಯದು, ಗೋಡೆಗೆ ಒತ್ತಿ. ಪರದೆಯ ಮೇಲೆ ಅದರಷ್ಟು ಚೆಂದ ಇನ್ನೊಂದಿರಲಿಲ್ಲ. ಸ್ಟ್ಯಾಂಡ್ ಮಾಡಲು ಬಂದ ಬಡಗಿ ಹಾಳೆಯನ್ನು ಎರಡು ಸ್ಟೂಲಿನ ಮೇಲಿಟ್ಟು, ಗೋಡೆ ಬದಿಯ ಮೂಲೆಗೆ ಕೈ ಚಾಚಿ ನೋಡಿ, “ಸಾರ್, ಇಲ್ಲಿ ಗಾಡಿ ಬಿದ್ದರೆ ಎತ್ತೋದು ಹೆಂಗೆ?” ಎಂದರು. ನಾಲ್ಕಡಿ ಅಂದರೆ 122 ಸೆಂ.ಮೀ. ನಿಂತ ಜಾಗದಿಂದ ಗಿಡ, ಕಂಬ ಬೀಳಿಸದೆ ಕೈ ಎಟಕುವುದು 75 ಸೆಂ.ಮೀ.ವರೆಗೆ. ತಂತ್ರಾಂಶಕ್ಕೆ ನಮ್ಮ ತೋಳಿನ ಉದ್ದ ಗೊತ್ತಿಲ್ಲ. ಅಂದಿನಿಂದ ಪ್ರತಿ ಹೊಸ ಫೈಲಿನಲ್ಲೂ ಹಲಗೆಯ ಮುಂಬದಿಯಿಂದ 75 ಸೆಂ.ಮೀ ಆಚೆಗೆ ಒಂದು ಗೆರೆ ಎಳೆಯುತ್ತೇನೆ. ಪಾಯಿಂಟಾಗಲಿ, ಸುರಂಗದ ಬಾಯಾಗಲಿ ಆ ಗೆರೆ ದಾಟಬಾರದು. ಹಲಗೆ ಎಂಟಡಿಗೆ ಎರಡೂವರೆ ಅಡಿಯಾಯಿತು.

ಇನ್ನು ಏರು. ಘಾಟಿಯಲ್ಲಿ ಹಳಿ ಏರುವುದು 50ಕ್ಕೆ 1ರಂತೆ, ಅಂದರೆ ಶೇ. 2. ಮಾದರಿಯಲ್ಲೂ ಅದನ್ನೇ ಇಡಬೇಕೆಂದು ಹಟ ಹಿಡಿದೆ. ನನ್ನ ಪ್ಲಾನಿನಲ್ಲಿ ಒಂದೇ ಹಳಿ ಎರಡು ಸುತ್ತು ಬಂದು, ಒಂದು ಕಡೆ ತನ್ನನ್ನೇ ಸೇತುವೆಯ ಮೇಲೆ ದಾಟುತ್ತದೆ. ಕೆಳಗಿನ ಗಾಡಿ ತಾಗದೆ ಹೋಗಲು ಹಳಿಯಿಂದ ಹಳಿಗೆ 50 ಮಿ.ಮೀ ಎತ್ತರ ಬೇಕು. ಶೇ. 2ರಲ್ಲಿ ಅಷ್ಟು ಏರಲು ಎರಡೂವರೆ ಮೀಟರ್, ಇಳಿಯಲು ಇನ್ನೆರಡೂವರೆ. ಎರಡು ಸುತ್ತೂ ಸೇರಿದರೆ ನನ್ನಲ್ಲಿರುವುದು ಹತ್ತು ಮೀಟರಿನ ಆಚೀಚೆ. ಅರ್ಧ ದಾರಿ ಏರಿಳಿತಕ್ಕೇ ಹೋಯಿತು. ನಿಲ್ದಾಣ ಮಾತ್ರ ಪೂರ್ತಿ ಮಟ್ಟಸವಾಗಿರಬೇಕು, ಇಲ್ಲದಿದ್ದರೆ ಎಂಜಿನ್ ಬಿಚ್ಚಿದ ವ್ಯಾಗನ್‌ಗಳು ತಾವಾಗಿಯೇ ಉರುಳುತ್ತವೆ.

ಈ ಕೆಲಸದಲ್ಲಿ ಎಕ್ಸ್‌ಟ್ರ್ಯಾಕ್‌ಕ್ಯಾಡ್ ನನ್ನ ಮನಸ್ಸು ಗೆದ್ದಿತು. ಲೇಔಟಿನ ಕನಿಷ್ಠ ತ್ರಿಜ್ಯ, ಗರಿಷ್ಠ ಏರು ಇಷ್ಟೇ ಎಂದು ಮೊದಲೇ ಬರೆದಿಟ್ಟರೆ, ಅದನ್ನು ಮೀರಿದ ಹಳಿ ಬೇರೆ ಬಣ್ಣಕ್ಕೆ ತಿರುಗುತ್ತದೆ. ಹಳಿಯ ಎರಡು ತುದಿಯ ಎತ್ತರ ಕೊಟ್ಟರೆ ನಡುವಿನ ಏರು ಎಷ್ಟೆಂದು ಅದೇ ಹೇಳುತ್ತದೆ, ಪ್ರೊಫೈಲ್ ಎಂಬ ಕಿಟಕಿಯಲ್ಲಿ ಇಡೀ ದಾರಿಯ ಏರಿಳಿತವನ್ನು ಗೆರೆಯಾಗಿ ತೋರಿಸುತ್ತದೆ. ಆ ಗೆರೆಯಲ್ಲಿ ಚೂಪಾದ ಮೂಲೆ ಕಂಡರೆ ಅಲ್ಲಿ ಗಾಡಿಗಳನ್ನು ಜೋಡಿಸುವ ಕೊಂಡಿ, ಅಂದರೆ ಕಪ್ಲಿಂಗ್, ಬಿಚ್ಚಿಕೊಳ್ಳುತ್ತದೆ ಎಂದೇ ಅರ್ಥ. ಮಟ್ಟದಿಂದ ಏರಿಗೆ ಹೋಗುವಾಗ ನಡುವೆ ಶೇ. 1ರ ಒಂದು ತುಂಡು ಸೇರಿಸಿ ಆ ಮೂಲೆಯನ್ನು ಸವರಿದ್ದೇನೆ. ಜಾಗ ಉಳಿಸಲು ಒಮ್ಮೆ ಶೇ. 4 ಮಾಡಿ ನೆಲದ ಮೇಲೆ ಕಟ್ಟಿ ನೋಡಿದೆ. ಎಂಟು ವ್ಯಾಗನ್ ಎಳೆಯುತ್ತಿದ್ದ ಎಂಜಿನ್ ತಿರುವಿನಲ್ಲಿ ಚಕ್ರ ತಿರುಗಿಸುತ್ತಾ ನಿಂತಲ್ಲೇ ನಿಂತಿತು. ಘಾಟಿಯಲ್ಲಿ ಗೂಡ್ಸ್ ಗಾಡಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ಕೊಟ್ಟು ತಳ್ಳಿಸುವುದು ಏಕೆಂದು ಆವತ್ತು ಕಣ್ಣಾರೆ ಕಂಡೆ.

ನಿಲ್ದಾಣದ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ, ನಾನೂ ಹೋಗಿದ್ದೆ. ಹಲಗೆಯ ಉದ್ದದ ಬದಿಯಲ್ಲಿ ನೇರ ಹಳಿಗೆ ಸಿಗುವುದು 168 ಸೆಂ.ಮೀ. ಅಷ್ಟೂ ಲೂಪ್ ಲೈನ್, ಅಂದರೆ ಇನ್ನೊಂದು ಗಾಡಿಗೆ ದಾರಿ ಬಿಟ್ಟು ನಿಲ್ಲುವ ಪಕ್ಕದ ಹಳಿ, ಎಂದುಕೊಂಡು ಗಾಡಿಯ ಉದ್ದ ಲೆಕ್ಕ ಹಾಕಿದ್ದೆ. ಆದರೆ ಲೂಪಿನ ನಿಜವಾದ ಉದ್ದ ಪಾಯಿಂಟಿನಿಂದ ಪಾಯಿಂಟಿಗಲ್ಲ, ಫೌಲಿಂಗ್ ಮಾರ್ಕಿನಿಂದ ಫೌಲಿಂಗ್ ಮಾರ್ಕಿಗೆ. ಪಕ್ಕದ ಹಳಿಯ ಗಾಡಿಗೆ ತಗಲದಂತೆ ನಿಲ್ಲಬಹುದಾದ ಕೊನೆಯ ಜಾಗ ಅದು. ನಾನು ಹಾಕಿದ 6ನೇ ನಂಬರಿನ ಪಾಯಿಂಟ್ 186 ಮಿ.ಮೀ. ಅದರ ಮುಂದೆ ಹಳಿಯನ್ನು ಸಮಾನಾಂತರಕ್ಕೆ ತರುವ ತಿರುವು ಹೆಚ್ಚುಕಡಿಮೆ ಅಷ್ಟೇ. ಎರಡೂ ಕಡೆ ಕಳೆದರೆ ಉಳಿಯುವುದು ಒಂದು ಮೀಟರಿನ ಆಸುಪಾಸು. ನಿಜದ ನಿಲ್ದಾಣಗಳಲ್ಲಿ ಲೂಪಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ 686 ಮೀಟರನ್ನು ಎನ್ ಸ್ಕೇಲಿಗೆ ತಂದರೆ 4.3 ಮೀಟರ್ ಆಗುತ್ತದೆ, ನನ್ನ ಕೋಣೆಯೇ ಅಷ್ಟಿಲ್ಲ. ತಂತ್ರಾಂಶದಲ್ಲಿ ಗಾಡಿ ಓಡಿಸಿ ನೋಡುವ ಸೌಲಭ್ಯವಿದೆ. ಎಂಜಿನ್, ವ್ಯಾಗನ್‌ಗಳನ್ನು ಹಳಿಯ ಮೇಲಿಟ್ಟು ಲೂಪಿಗೆ ತೆಗೆದುಕೊಂಡು ಹೋದಾಗ ಹತ್ತನೇ ವ್ಯಾಗನ್ನಿನ ಬಾಲ ಮೇನ್ ಲೈನಿನ ಮೇಲೇ ಉಳಿದದ್ದು ಕಂಡಿತು. ಎಂಟಕ್ಕೆ ಇಳಿಸಿದೆ. ಮಗಳಿಗಂತೂ ಇಡೀ ತಂತ್ರಾಂಶದಲ್ಲಿ ಇಷ್ಟವಾದದ್ದು ಇದೊಂದೇ.

ಒಂದು ಎಚ್ಚರಿಕೆ ಹೇಳಲೇಬೇಕು. ಎರಡು ಹಳಿಯ ತುದಿಗಳು ಎಷ್ಟು ದೂರದಲ್ಲಿದ್ದರೆ, ಎಷ್ಟು ಕೋನದಲ್ಲಿದ್ದರೆ ಕೂಡಿದವು ಎಂದು ಲೆಕ್ಕ ಹಿಡಿಯಬೇಕು ಎನ್ನುವುದನ್ನು ನಾವೇ ನಿಗದಿ ಮಾಡಬಹುದು. ಸುತ್ತು ಮುಚ್ಚುತ್ತಿಲ್ಲ ಎಂಬ ಬೇಸರದಲ್ಲಿ ನಾನು ಆ ಕೋನವನ್ನು ಹೆಚ್ಚಿಸಿದ್ದೆ. ಚಿತ್ರದಲ್ಲಿ ಹಳಿ ಕೂಡಿತು. ಹಲಗೆಯ ಮೇಲೆ ಒತ್ತಿ ಜೋಡಿಸಿದಾಗ ಅದೂ ಕೂಡಿದಂತೆ ಕಂಡಿತು. ಎಂಜಿನ್ ದಾಟಿತು, ಎರಡು ವ್ಯಾಗನ್ ದಾಟಿದವು, ಮೂರನೆಯದು ಪ್ರತಿ ಸಲ ಅದೇ ಜಾಗದಲ್ಲಿ ಬಲಕ್ಕೆ ಉರುಳುತ್ತಿತ್ತು. ಹಳಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ ಜೋಡಣೆಯಲ್ಲಿ ಸಣ್ಣ ಮುರುಕು, ಬೆರಳಿಗೆ ಸಿಗದಷ್ಟು, ಚಕ್ರಕ್ಕೆ ಸಿಗುವಷ್ಟು. ಸುತ್ತು ಮುಚ್ಚದಿದ್ದರೆ ಸಣ್ಣ ತುಂಡುಗಳನ್ನು ಬದಲಿಸಿ ದಾರಿ ಹುಡುಕಿ, ಆ ಅಂಕಿಯನ್ನು ಮುಟ್ಟಬೇಡಿ.

ನನ್ನ ಮಟ್ಟಿಗೆ ಇದರ ಅತಿ ದೊಡ್ಡ ಉಪಕಾರ ನಿಜದ ಅಳತೆಯಲ್ಲಿ ಮುದ್ರಿಸುವುದು. ಅಳತೆ 1:1 ಎಂದು ಆರಿಸಿದರೆ ಪ್ಲಾನನ್ನು ಪುಟಗಳಾಗಿ ಕತ್ತರಿಸಿ, ಒಂದಕ್ಕೊಂದು ಹೊಂದಿಸಲು ಗುರುತುಗಳನ್ನೂ ಹಾಕಿ ಕೊಡುತ್ತದೆ. ನನ್ನ ಹಲಗೆಗೆ 36 ಎ4 ಹಾಳೆ ಬೇಕಾಯಿತು. ಪೆನ್‌ಡ್ರೈವಿನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಎಂದಿನಂತೆ ‘ಫಿಟ್ ಟು ಪೇಜ್’ ಒತ್ತಿಬಿಟ್ಟಿದ್ದ. ಮನೆಗೆ ಬಂದು ಹಾಳೆ ಹಾಸಿ, 248 ಮಿ.ಮೀ ಹಳಿಯನ್ನು ಅದರ ಚಿತ್ರದ ಮೇಲಿಟ್ಟಾಗ ಹಳಿ 8 ಮಿ.ಮೀ ಹೊರಗೆ ಚಾಚಿತ್ತು. ಮೂವತ್ತಾರೂ ಹಾಳೆ ರದ್ದಿಗೆ ಹೋದವು. ಮೊದಲು ಒಂದೇ ಹಾಳೆ ತೆಗೆಸಿ, ಹಳಿ ಇಟ್ಟು ನೋಡಿ, ಆಮೇಲೆ ಉಳಿದದ್ದನ್ನು ತೆಗೆಸಿ.

ಎರಡನೇ ಸಲ ಸರಿಯಾಗಿ ಬಂತು. ಟೇಪು ಹಚ್ಚಿ ಹಾಸಿದ ಆ ಕಾಗದದ ಮೇಲೆ ಒಂದು ವಾರ ಏನನ್ನೂ ಕಟ್ಟದೆ ಸುಮ್ಮನೆ ನೋಡಿದೆ. ಪರದೆಯಲ್ಲಿ ಕಾಣದ್ದು ಅಲ್ಲಿ ಕಂಡಿತು: ನಿಲ್ದಾಣ ಅಂಚಿಗೆ ತೀರಾ ಒತ್ತಿಕೊಂಡಿದೆ, ಪ್ಲಾಟ್‌ಫಾರ್ಮಿಗೆ ಜಾಗವೇ ಇಲ್ಲ. ಸುರಂಗದ ಮೇಲಿನ ಗುಡ್ಡಕ್ಕೆ ಉಳಿದಿರುವುದು ಒಂದು ಗೇಣು. ಎರಡನ್ನೂ ಸರಿಸಿದ ಮೇಲೇ ಹಳಿ ತರಿಸಿದ್ದು. ಯಾವ ತುಂಡು ಎಷ್ಟು ಬೇಕು ಎಂಬ ಪಟ್ಟಿ ತಂತ್ರಾಂಶವೇ ಕೊಡುತ್ತದೆ, ಬೆಲೆ ತುಂಬಿಟ್ಟರೆ ಮೊತ್ತವನ್ನೂ ಕೂಡುತ್ತದೆ. ನಮ್ಮಲ್ಲಿ ಹಳಿ ಹೊರದೇಶದಿಂದ ಬರಬೇಕು, ಒಂದು ತಿರುವು ಕಡಿಮೆ ಬಿದ್ದರೂ ವಾರಗಟ್ಟಲೆ ಕಾಯಬೇಕು. ಆ ಪಟ್ಟಿಯ ಬೆಲೆ ಆಗ ಗೊತ್ತಾಗುತ್ತದೆ.

ಕೊರತೆಗಳೂ ಇವೆ. ನಾನು ಬಳಸಿದ ಆವೃತ್ತಿಗಳಲ್ಲಿ ಮೂರು ಆಯಾಮದ ನೋಟ ಇಲ್ಲ. ಗುಡ್ಡ, ಸೇತುವೆ ಹೇಗೆ ಕಾಣುತ್ತವೆಂದು ನೋಡಬೇಕೆನ್ನುವವರಿಗೆ ಸ್ಕಾರ್ಮ್ ಒಳ್ಳೆಯದು. ಮೆನುಗಳ ರೂಪ ಹಳೆಯದು, ಸಹಾಯಪುಸ್ತಕ ದೊಡ್ಡದು, ಇಂಗ್ಲಿಷ್ ಬರಲೇಬೇಕು. ತಿರುವಿಗೆ ಮೊದಲು ಹಳಿಯನ್ನು ನಿಧಾನವಾಗಿ ಬಾಗಿಸುವ ಈಸ್‌ಮೆಂಟ್ ಸೌಲಭ್ಯ ಅದ್ಭುತ. ಆದರೆ ಅದು ಬಾಗುವ ಹಳಿ ಬಳಸುವವರಿಗೆ ಮಾತ್ರ ಸಿಗುವ ಭಾಗ್ಯ, ನನ್ನಂತೆ ತುಂಡು ಹಳಿ ಜೋಡಿಸುವವರಿಗಲ್ಲ.

ಈಗ ಅದೇ ಕೋಣೆಯ ಎದುರು ಗೋಡೆಗೆ ನಾಲ್ಕಡಿಯ ಶೆಲ್ಫ್ ಹಾಕಿಸಿದ್ದೇನೆ. ಅದಕ್ಕೆ ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಇಂಗಲ್‌ನೂಕ್ ಸೈಡಿಂಗ್ ಎಂಬ ವ್ಯಾಗನ್ ಜೋಡಿಸುವ ಒಗಟಿನ ಪ್ಲಾನು ಬರೆಯುತ್ತಿದ್ದೇನೆ: ಎರಡೇ ಪಾಯಿಂಟು, ಐದು, ಮೂರು, ಮೂರು ವ್ಯಾಗನ್ ಹಿಡಿಯುವ ಮೂರು ಹಳಿ. ಎಂಟು ವ್ಯಾಗನ್‌ಗಳಲ್ಲಿ ಐದನ್ನು ಹೇಳಿದ ಕ್ರಮದಲ್ಲೇ ಶಂಟಿಂಗ್ ಮಾಡಿ, ಅಂದರೆ ಎಂಜಿನ್ನಿನಿಂದ ಹಿಂದೆ ಮುಂದೆ ಸರಿಸಿ, ನಿಲ್ಲಿಸಬೇಕು. ಹಾಗೆ ಕೇಳಬಹುದಾದ ಸಾಲುಗಳು 6720. ಮುದ್ರಿಸಿದ ಹಾಳೆಗಳು ನಿನ್ನೆ ಶೆಲ್ಫಿನ ಮೇಲೆ ಕೂತವು. ಮಗಳು ಕಾಗದದ ಮೇಲೇ ವ್ಯಾಗನ್ ಜೋಡಿಸಿ, “ಅಪ್ಪಾ, ಮೂರನೇದು ಪಾಯಿಂಟ್ ಮೇಲೇ ನಿಲ್ತಿದೆ” ಎಂದಳು. 62 ಮಿ.ಮೀ.ನ ಒಂದು ತುಂಡು ಸೇರಿಸಿ ಫೈಲ್ ಉಳಿಸಿದ್ದೇನೆ. ಶನಿವಾರ ಮತ್ತೆ ಮುದ್ರಿಸಬೇಕು.